ಮೂರು ಕಾಲೇಜಿಗೆ ಒಂದೇ ಕೈ

ಥಾಣೆ, ಕಲ್ಯಾಣ, ನವಿ ಮುಂಬಯಿ, ಈ ಮೂರೂ ಕಡೆ ಇಂಜಿನಿಯರಿಂಗ್ ಕಾಲೇಜು ನಡೆಸುತ್ತಿದ್ದ ಆ ಶಿಕ್ಷಣ ಸಂಸ್ಥೆಗೆ ಮೂರು ರೋಬೋಟಿಕ್ಸ್ ಲ್ಯಾಬುಗಳಿದ್ದವು. ಮೂರು ಬಾಗಿಲುಗಳ ಮೇಲೆ ಮಿರಮಿರ ಮಿಂಚುವ ಮೂರು ಹಿತ್ತಾಳೆ ಬೋರ್ಡುಗಳಿದ್ದವು. ರೋಬೋಟು ಮಾತ್ರ ಒಂದೇ ಇತ್ತು. ಹಳದಿ ಬಣ್ಣದ, ಆರು ಕಡೆ ಬಾಗುವ, ಮನುಷ್ಯನ ತೋಳಿಗಿಂತ ತುಸು ಉದ್ದದ ಒಂದು ಯಂತ್ರದ ಕೈ. ಮಾನ್ಯತೆ ಕೊಡುವ ತಪಾಸಣೆ ಕಮಿಟಿ ಯಾವ ಕಾಲೇಜಿಗೆ ಬರುತ್ತದೋ ಆ ಕಾಲೇಜಿಗೆ ಅದು ಹಿಂದಿನ ದಿನವೇ ಟೆಂಪೋ ಹತ್ತಿ ಹೋಗುತ್ತಿತ್ತು. ಅದರ ಜೊತೆಗೆ ಹೋಗುತ್ತಿದ್ದವನು ಲ್ಯಾಬ್ ಅಸಿಸ್ಟೆಂಟ್ ಪೂವಪ್ಪ.

ಪೂವಪ್ಪ ಪುತ್ತೂರಿನ ಕಡೆಯವನು. ಮೀಸೆ ಮೂಡುವ ಮೊದಲೇ ಬಂದು ಥಾಣೆಯ ನೌಪಾಡಾದಲ್ಲಿ ಸೋದರಮಾವನ ಹೋಟೆಲು ಸೇರಿದ್ದ. ಹಗಲೆಲ್ಲ ಕಪ್ಪು ಬಸಿ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ಆಮೇಲೆ ಐಟಿಐ ಮುಗಿಸಿ, ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆದ. ಯೌವನವೆಲ್ಲ ಅಲ್ಲೇ ಸವೆಯಿತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಗೇಟಿಗೆ ಬೀಗ. ಮಾಲೀಕ ಜಾಗವನ್ನು ಬಿಲ್ಡರಿಗೆ ಕೊಟ್ಟು ಕೈ ತೊಳೆದುಕೊಂಡಿದ್ದ.

ಆಗ ಕೈ ಹಿಡಿದವರು ರವಿಕಿರಣ್ ಸರ್. ಧಾರವಾಡದ ಕಡೆಯವರು, ಕಲ್ಯಾಣದ ಕಾಲೇಜಿನಲ್ಲಿ ಮೇಷ್ಟ್ರು. ವಿದ್ಯಾರ್ಥಿಗಳಿಗೆ ಕಾರ್ಖಾನೆ ತೋರಿಸಲು ಬರುತ್ತಿದ್ದಾಗ ಕನ್ನಡದ ಸಲಿಗೆಯಿಂದ ಪರಿಚಯವಾದವರು. “ನಮ್ಮ ಕಾಲೇಜಿಗೆ ಬರ್ರಿ ಪೂವಪ್ಪನವ್ರ, ಮಷೀನ್ ಗೊತ್ತಿರೋ ಮನಷ್ಯಾ ಬೇಕಾಗ್ಯಾನ ನಮಗ” ಎಂದು ಕರೆದುಕೊಂಡು ಹೋದರು. ಕೆಲಸವಿಲ್ಲದೆ ಮನೆಯಲ್ಲಿ ಕೂತು ಹೆಂಡತಿಯ ಮುಖ ನೋಡಲಾಗದೆ ಗೋಡೆ ನೋಡುತ್ತಿದ್ದವನಿಗೆ ಅಂಥ ಮಾತು ದೇವರ ಮಾತಿನ ಹಾಗೆ ಕೇಳಿಸುತ್ತದೆ. ಆ ಉಪಕಾರ ಪೂವಪ್ಪನ ಹೆಗಲೇರಿ ಕೂತದ್ದು ಮತ್ತೆ ಕೆಳಗಿಳಿಯಲಿಲ್ಲ.

ರೋಬೋಟು ಬಂದ ವರ್ಷ ಅವನ ಸಂಭ್ರಮ ನೋಡಬೇಕಿತ್ತು. ಕಂಪನಿಯವರು ಬಂದು ತೋರಿಸಿಕೊಟ್ಟದ್ದನ್ನೆಲ್ಲ ಭಕ್ತಿಯಿಂದ ಕಲಿತ. ಗುಂಡಿ ಒತ್ತಿದರೆ ಕೈ ಎದ್ದು, ಒಂದು ತಟ್ಟೆಯಲ್ಲಿರುವ ಪ್ಲಾಸ್ಟಿಕ್ ಚೌಕಗಳನ್ನೆತ್ತಿ ಇನ್ನೊಂದು ತಟ್ಟೆಯಲ್ಲಿಟ್ಟು, ಕೊನೆಗೆ ತಲೆ ಬಾಗಿಸಿ ನಮಸ್ಕಾರ ಮಾಡುತ್ತಿತ್ತು. ನಮಸ್ಕಾರ ಮಾಡಿಸುವುದು ಸಂಸ್ಥೆಯ ಅಧ್ಯಕ್ಷರ ಆಸೆ. ಉದ್ಘಾಟನೆಗೆಂದು ಮಾಡಿಸಿದ ಆಟ ಅದು. ವರ್ಷಗಳು ಉರುಳಿದರೂ ಅದು ಬೇರೆ ಆಟ ಕಲಿಯಲಿಲ್ಲ. ಕಲಿಸಬೇಕಾದವರು ಮುಟ್ಟಿದರಲ್ಲವೇ ಅದು ಕಲಿಯುವುದು!

ಮೊದಲ ಸಲ ಟೆಂಪೋಗೆ ಏರಿಸುವಾಗ ಪೂವಪ್ಪನಿಗೆ ಮುಜುಗರವಾಗಿತ್ತು. “ಇದೊಂದ್ ಸಲ ಅಷ್ಟ. ಉಳದ ಎರಡೂ ಕಾಲೇಜಿಗೆ ಆರ್ಡರ್ ಆಗೇದ, ಇನ್ನೇನ ಬಂದs ಬಿಡ್ತಾವ” ಎಂದಿದ್ದರು ರವಿಕಿರಣ್ ಸರ್. ಬರಲಿಲ್ಲ. ಎರಡನೆಯ ಸಲ ಪೂವಪ್ಪ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೀಗೆ ಕೇಳದೆ ಹೇಳದೆ ಅದೇ ಒಂದು ಪದ್ಧತಿಯಾಯಿತು. ನೆಲಕ್ಕೆ ಬಿಗಿದ ಬೋಲ್ಟುಗಳನ್ನು ಬಿಚ್ಚುವುದು, ಕೈಯನ್ನು ಮಡಚಿ ಹಳೆಯ ಗೋದಡಿ ಸುತ್ತುವುದು, ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಬೆವರುತ್ತ ಕೂರುವುದು, ಆ ಕಾಲೇಜಿನ ಲ್ಯಾಬಿನಲ್ಲಿ ಚಾಪೆ ಸರಿಸಿ ತೂತುಗಳಿಗೆ ಮತ್ತೆ ಬೋಲ್ಟು ಕೂರಿಸುವುದು. ಕಮಿಟಿಯವರು ಚಹಾ ಗೋಡಂಬಿ ಮುಗಿಸಿ ಒಳಗೆ ಕಾಲಿಡುವ ಹೊತ್ತಿಗೆ ಅದು ಹುಟ್ಟಿದಂದಿನಿಂದ ಅಲ್ಲೇ ಇದ್ದಂತೆ ನಿಂತಿರುತ್ತಿತ್ತು.

ಅದಕ್ಕೆ ಪೂವಪ್ಪ ಅಳಿಯ ಎಂದು ಹೆಸರಿಟ್ಟಿದ್ದ. ಬರುವಾಗ ಉಪಚಾರ, ಇರುವಷ್ಟು ಹೊತ್ತು ಮರ್ಯಾದೆ, ಕೆಲಸ ಮಾತ್ರ ಹೇಳುವ ಹಾಗಿಲ್ಲ. ಇಷ್ಟು ತಿರುಗಾಟದಲ್ಲಿ ಅಳಿಯನ ಮೈಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಅದು ಪೂವಪ್ಪನ ಹೆಮ್ಮೆ. ಮಾಡುವ ಕೆಲಸ ಮೋಸದ್ದೇ ಆದರೂ ಅದನ್ನು ಅಚ್ಚುಕಟ್ಟಾಗಿ ಮಾಡಿದರೆ ಮನಸ್ಸಿಗೆ ಒಂದು ರೀತಿಯ ಸಮಾಧಾನ ಸಿಗುತ್ತದೆ. ಮನುಷ್ಯನ ಮನಸ್ಸು ಅಷ್ಟು ಅಗ್ಗದ್ದು.

ವಿದ್ಯಾರ್ಥಿಗಳ ಗತಿ? ಕಮಿಟಿ ಹೋದ ಮೇಲೆ ಕೈಗೆ ಮುಸುಕು ಹಾಕಿ ಬಾಗಿಲಿಗೆ ಬೀಗ ಜಡಿಯುತ್ತಿದ್ದರು. ಕೆಟ್ಟುಹೋದರೆ ಮುಂದಿನ ಕಮಿಟಿಗೆ ತೋರಿಸುವುದೇನನ್ನು ಎಂಬ ಹೆದರಿಕೆ. ಹೀಗಾಗಿ ಕೈ ಇಲ್ಲದ ಎರಡು ಕಾಲೇಜಿನವರಿಗೂ ಕೈ ಇದ್ದ ಒಂದು ಕಾಲೇಜಿನವರಿಗೂ ಸಿಕ್ಕಿದ್ದು ಒಂದೇ, ಬಿಳಿ ಪರದೆಯ ಮೇಲಿನ ವಿಡಿಯೋ. ಅದನ್ನು ನೋಡಿ ಪರೀಕ್ಷೆಯಲ್ಲಿ ಚಿತ್ರ ಬರೆದು ಪಾಸಾಗಿ ಹೋಗುತ್ತಿದ್ದರು. ವರ್ಷವರ್ಷವೂ ಹೋದರು.

ಇಷ್ಟೆಲ್ಲ ಗೊತ್ತಿದ್ದ ಮನುಷ್ಯ ತನ್ನ ಒಬ್ಬಳೇ ಮಗಳು ತೃಷಾಳನ್ನು ಅದೇ ಕಲ್ಯಾಣದ ಕಾಲೇಜಿಗೆ, ಅದೇ ರೋಬೋಟಿಕ್ಸ್ ವಿಭಾಗಕ್ಕೆ ಸೇರಿಸಿದ.

ಡೊಂಬಿವಲಿಯ ಮನೆಯಲ್ಲಿ ಅವರು ಮಾತಾಡುವುದು ತುಳುವಿನಲ್ಲಿ. ಜಗಳಕ್ಕೆ ಮಾತ್ರ ಹೆಂಡತಿ ನಳಿನಾಕ್ಷಿ ಕನ್ನಡಕ್ಕೆ ಇಳಿಯುತ್ತಿದ್ದಳು. ಅಂದು ಇಳಿದಳು.

“ಅಲ್ಲಿ ಎಂತ ಉಂಟು ಎಂತ ಇಲ್ಲ ಅಂತ ನಿಮ್ಮಷ್ಟು ಗೊತ್ತಿರುವವರು ಯಾರುಂಟು? ಗೊತ್ತಿದ್ದೂ ಗೊತ್ತಿದ್ದೂ ಮಗಳನ್ನು ಹಾಕುವುದಾ?”

“ಬೇರೆಯವರ ಮಕ್ಕಳಿಗೆ ಇಲ್ಲ ಮಾರಾಯ್ತಿ. ಅಳಿಯ ಇರುವುದು ಯಾರ ಕೈಯಲ್ಲಿ? ನನ್ನ ಕೈಯಲ್ಲಿ. ನನ್ನ ಮಗಳಿಗೆ ಬೇಕಾದಾಗ ಇಲ್ಲ ಅಂತ ಯಾರು ಹೇಳುವುದು?”

ತಪ್ಪು ಆದದ್ದು ಇಲ್ಲಿಯೇ. ಒಳಗಿನವನು ತಾನು, ತನ್ನದಕ್ಕೆ ತೊಂದರೆಯಿಲ್ಲ ಎಂದು ಅವನು ನಂಬಿಬಿಟ್ಟ. ಹೋಟೆಲಿನಲ್ಲಿ ಕೆಲಸ ಮಾಡುವವನಿಗೆ ಊಟದ ಚಿಂತೆ ಎಲ್ಲಿ ಎಂದು ಹೊರಗಿನವರು ಹೇಳುವುದುಂಟು. ನೌಪಾಡಾದಲ್ಲಿ ಗಿರಾಕಿಗಳೆಲ್ಲ ಎದ್ದುಹೋದ ಮೇಲೆ ಪಾತ್ರೆಯ ತಳ ಕೆರೆದು ತಿಂದಿದ್ದ ಪೂವಪ್ಪನಿಗಾದರೂ ಅದು ನೆನಪಿರಬೇಕಿತ್ತು. ಇರಲಿಲ್ಲ.

ಅಡ್ಮಿಷನ್ನಿನ ದಿನಗಳಲ್ಲಿ ಕೈ ಕಲ್ಯಾಣದಲ್ಲೇ ಇತ್ತು. ತಂದೆತಾಯಂದಿರ ಮುಂದೆ ಪೂವಪ್ಪ ಅದರಿಂದ ನಮಸ್ಕಾರ ಮಾಡಿಸುತ್ತಿದ್ದ. ಒಬ್ಬ ಹೆಂಗಸು ಎಲ್ಲರೂ ಮುಂದೆ ಹೋದರೂ ನಿಂತೇ ಇದ್ದಳು. ಕೋಪರಖೈರಣೆಯ ಮಹಾದೇವಕ್ಕ; ಗಂಡ ವಾಶಿಯ ಕಾಂದಾ ಬಟಾಟಾ, ಅಂದರೆ ಈರುಳ್ಳಿ ಆಲೂಗಡ್ಡೆ ಮಾರ್ಕೆಟ್ಟಿನಲ್ಲಿ ಕಾರಕೂನ. ಪಕ್ಕದಲ್ಲಿ ಮಗ ಸಮಿತ್, ಅವಳಿಗಿಂತ ಎರಡು ಗೇಣು ಎತ್ತರ. ಪೂವಪ್ಪ ಫೋನಿನಲ್ಲಿ ಕನ್ನಡ ಆಡಿದ್ದು ಅವಳ ಕಿವಿಗೆ ಬಿದ್ದಿತ್ತು.

“ಅಣ್ಣಾರ, ನೀವ ನಮ್ಮವರ ಅದೀರಿ ಅಂತ ಕೇಳ್ತೀನಿ. ಖರೇ ಹೇಳ್ರಿ. ಹುಡುಗೂರಿಗೆ ಇದನ್ನ ಮುಟ್ಟಾಕ ಕೊಡ್ತಾರೋ, ಬರೇ ತೋರಸ್ತಾರೋ?”

ಪೂವಪ್ಪ ಪಕ್ಕಕ್ಕೆ ನೋಡಿದ. ರವಿಕಿರಣ್ ಸರ್ ಎರಡು ಮಾರು ದೂರದಲ್ಲಿ ನಿಂತಿದ್ದರು. “ನನ್ನ ಮಗಳನ್ನೂ ಇಲ್ಲಿಯೇ ಹಾಕಿದ್ದೇನೆ ಅಕ್ಕ” ಎಂದ.

ಮಹಾದೇವಕ್ಕನ ಮುಖ ಅರಳಿತು. “ಹಂಗಾರ ಮುಗೀತ ಬಿಡ್ರಿ. ಸ್ವಂತ ಮಗಳನ್ನ ಯಾರರ ಬಾವಿಗೆ ನೂಕ್ತಾರೇನು?” ಎಂದು ಮಗನನ್ನು ಕರೆದುಕೊಂಡು ನೇರ ಆಫೀಸಿಗೆ ನಡೆದಳು. ಅಂದಿನಿಂದ ರವಿಕಿರಣ್ ಸರ್ ಪ್ರತಿ ತಂದೆತಾಯಿಗೂ ಇವನನ್ನು ತೋರಿಸಿ, ನಮ್ಮ ಸಿಬ್ಬಂದಿಯ ಮಕ್ಕಳೂ ಇಲ್ಲೇ ಓದುತ್ತಾರೆ ಎನ್ನತೊಡಗಿದರು. ಪೂವಪ್ಪ ಸುಳ್ಳು ಹೇಳಿರಲಿಲ್ಲ, ಅದೇ ಅದರ ಸೊಗಸು.

ತೃಷಾ ಚುರುಕು ಹುಡುಗಿ. ಮೊದಲ ವರ್ಷವೇ ಕೇಳಿದಳು, “ಪಪ್ಪ, ಲ್ಯಾಬ್ ಕಬ್ ಖುಲೇಗಾ?” ಎರಡನೆಯ ವರ್ಷ ಲ್ಯಾಬು ತೆರೆಸಿಕೊಡುತ್ತೇನೆ ಎಂದ. ಎರಡನೆಯ ವರ್ಷ ಮೂರನೆಯ ವರ್ಷ ಎಂದ. ಪ್ರತಿ ಸಲವೂ ರವಿಕಿರಣ್ ಸರ್, “ಈ ಕಮಿಟಿ ಒಂದ ಮುಗೀಲಿ ಪೂವಪ್ಪನವ್ರ” ಎನ್ನುತ್ತಿದ್ದರು. ಕಮಿಟಿಗಳು ಮುಗಿಯುವ ಜಾತಿಯವಲ್ಲ. ಒಂದು ಹೋದರೆ ಇನ್ನೊಂದು ಇರುತ್ತಿತ್ತು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ತೃಷಾ, ಸಮಿತ್ ಮತ್ತೆ ಇಬ್ಬರು ಸೇರಿ ಒಂದು ಗುಂಪಾದರು. ಸಮಿತ್‌ನ ತಂದೆಯ ಮಾರ್ಕೆಟ್ಟಿನಲ್ಲಿ ಹೆಂಗಸರು ದಿನವಿಡೀ ಕುಕ್ಕರಗಾಲಲ್ಲಿ ಕೂತು ಈರುಳ್ಳಿ ಆರಿಸುತ್ತಿದ್ದುದನ್ನು ಈ ಮಕ್ಕಳು ಹೋಗಿ ನೋಡಿಬಂದಿದ್ದರು. ಕ್ಯಾಮೆರಾ ಕಣ್ಣಿನಿಂದ ಕೊಳೆತದ್ದನ್ನು ಗುರುತಿಸಿ, ಯಂತ್ರದ ಕೈ ಅದನ್ನು ಎತ್ತಿ ಬೇರೆ ಹಾಕಬೇಕು. ಅದು ಅವರ ಯೋಚನೆ. ಲೆಕ್ಕಾಚಾರವೆಲ್ಲ ಕಂಪ್ಯೂಟರಿನಲ್ಲಿ ಸಿದ್ಧವಿತ್ತು. ಬೇಕಾಗಿದ್ದದ್ದು ಕೈ ಒಂದೇ.

ಈ ಸಲ ಪೂವಪ್ಪ ಬಿಡಲಿಲ್ಲ. ಎಂದೂ ಏನೂ ಕೇಳದವನು ರವಿಕಿರಣ್ ಸರ್ ಬಾಗಿಲಲ್ಲಿ ನಿಂತು, “ನನ್ನ ಮಗಳು ಇಲ್ಲಿ ಸೇರಿದ್ದೇ ಇದಕ್ಕೆ ಸರ್” ಎಂದ. ಅವರು ಪ್ರಾಂಶುಪಾಲರಿಗೆ ಹೇಳಿ, ಪ್ರಾಂಶುಪಾಲರು ಅಧ್ಯಕ್ಷರಿಗೆ ಹೇಳಿ, ಅಂತೂ ಒಪ್ಪಿಗೆ ಬಂತು. ಮುಂದಿನ ಕಮಿಟಿ ಬರುವತನಕ ಕೈ ಮಕ್ಕಳದ್ದು. ಪೂವಪ್ಪ ಜೊತೆಗಿರಬೇಕು, ಅಷ್ಟೆ.

ಆ ಕೆಲವು ದಿನಗಳಷ್ಟು ಖುಷಿಯಾಗಿ ಪೂವಪ್ಪ ತನ್ನ ಜೀವನದಲ್ಲೇ ಇದ್ದದ್ದಿಲ್ಲ. ಲ್ಯಾಬಿನ ಬೀಗ ತೆರೆಯಿತು. ಮೂಟೆ ಈರುಳ್ಳಿ ಬಂತು. ಮೊದಲ ದಿನ ಕೈ ಗಾಳಿಯನ್ನೇ ಹಿಡಿದು ಬೇರೆ ಬುಟ್ಟಿಗೆ ಹಾಕಿತು. ಮರುದಿನ ಈರುಳ್ಳಿಯನ್ನು ಹಿಡಿಯಿತು, ಹಿಡಿದು ಜಜ್ಜಿತು. ಲ್ಯಾಬೆಲ್ಲ ಘಾಟು, ಎಲ್ಲರ ಕಣ್ಣಲ್ಲೂ ನೀರು, ಎಲ್ಲರ ಬಾಯಲ್ಲೂ ನಗು. “ಪಪ್ಪ, ಇದಕ್ಕೆ ಅಮ್ಮನ ಹಾಗೆ ಸಿಟ್ಟು” ಎಂದಳು ತೃಷಾ. ಆಮೇಲೊಂದು ಮಧ್ಯಾಹ್ನ ಅದು ಮೆಲ್ಲಗೆ ಬಾಗಿ, ಗುಡ್ಡೆಯಿಂದ ಒಂದೇ ಒಂದು ಕೊಳೆತ ಈರುಳ್ಳಿಯನ್ನು ಆರಿಸಿ, ನಲುಗಿಸದೆ ಎತ್ತಿ ಪಕ್ಕದ ಬುಟ್ಟಿಗೆ ಹಾಕಿತು. ಹತ್ತರಲ್ಲಿ ನಾಲ್ಕೈದು ಸಲ ತಪ್ಪುತ್ತಿತ್ತು, ತಪ್ಪಲಿ. ಅಷ್ಟು ವರ್ಷ ನಮಸ್ಕಾರ ಮಾಡಿಕೊಂಡಿದ್ದ ಕೈ ಮೊದಲ ಸಲ ಒಂದು ಕೆಲಸ ಮಾಡಿತ್ತು. ಪೂವಪ್ಪ ಘಾಟಿನ ನೆವದಲ್ಲಿ ಕಣ್ಣೊರೆಸಿಕೊಂಡ.

ಮರುದಿನವೇ ರವಿಕಿರಣ್ ಸರ್ ಕರೆಸಿದರು. ನವಿ ಮುಂಬಯಿಯ ಕಮಿಟಿ ಹೇಳಿದ್ದಕ್ಕಿಂತ ಮೊದಲೇ ಬರುತ್ತಿದೆ. ಕೈ ಈ ಹೊತ್ತೇ ಹೊರಡಬೇಕು.

“ಸರ್, ಮಕ್ಕಳದ್ದು ಅರ್ಧ ಆದದ್ದಷ್ಟೆ. ಒಂದು ವಾರ ಕೊಡಿ ಸಾಕು.”

“ನನ್ನ ಕೈಯಾಗ ಏನದ ಹೇಳ್ರಿ? ಆ ಕಾಲೇಜಿನ ಮಾನ್ಯತಾ ಹೋತಂದ್ರ ಅಲ್ಲಿ ಹುಡುಗೂರ ಗತಿ ಏನು? ನಿಮ್ಮ ಮಗಳದು ಒಂದ ಪ್ರಾಜೆಕ್ಟ, ಅಷ್ಟ. ಮಾರ್ಕ್ಸ್ ನಾ ಕೊಡಸ್ತೀನಿ, ಅದಕ್ಕ ಚಿಂತಿ ಬ್ಯಾಡ.”

ಮಾರ್ಕ್ಸು ಯಾರು ಕೇಳಿದ್ದರು? ಹಾಗೆಂದು ಪೂವಪ್ಪ ಮನಸ್ಸಿನಲ್ಲಿ ಹೇಳಿಕೊಂಡ. ಸ್ಪ್ಯಾನರ್ ಕೆಳಗಿಟ್ಟು, ನೀವೇ ಬಿಚ್ಚಿಕೊಳ್ಳಿ ಎಂದಿದ್ದರೆ ಆ ದಿನ ಬಿಚ್ಚುವವರು ಯಾರೂ ಇರಲಿಲ್ಲ. ಅದೂ ಅವನಿಗೆ ಗೊತ್ತಿತ್ತು. ಆದರೂ ಲ್ಯಾಬಿಗೆ ಹೋಗಿ, ಮಕ್ಕಳ ಮುಂದೆಯೇ ಮಂಡಿಯೂರಿ ಬೋಲ್ಟು ಬಿಚ್ಚತೊಡಗಿದ.

“ಅಂಕಲ್, ಪ್ರೋಗ್ರಾಂ ತೋ ಆಧಾ ಹೀ ಹೈ” ಎಂದು ಸಮಿತ್ ಅರ್ಧಕ್ಕೆ ನಿಂತ ಕೆಲಸದ ಕಡೆ ಕೈ ತೋರಿಸಿದ. ಪೂವಪ್ಪ ತಲೆಯೆತ್ತಲಿಲ್ಲ. ತೃಷಾ ಒಂದು ಗೋದಡಿ ತಂದು ಅಪ್ಪನ ಕೈಗೆ ಕೊಟ್ಟಳು. ಅವಳು ಜಗಳಾಡಿದ್ದರೆ ಒಳ್ಳೆಯದಿತ್ತು ಎಂದು ಟೆಂಪೋದಲ್ಲಿ ದಾರಿಯುದ್ದಕ್ಕೂ ಅವನಿಗೆ ಅನ್ನಿಸುತ್ತಿತ್ತು.

ಕೈ ನವಿ ಮುಂಬಯಿಯಿಂದ ಥಾಣೆಗೆ ಹೋಯಿತು, ಅಲ್ಲಿ ಕಮಿಟಿ ಮುಂದೂಡಿದ್ದರಿಂದ ಬೀಗದೊಳಗೆ ಕೂತಿತು. ಮಕ್ಕಳು ಕಂಪ್ಯೂಟರಿನ ಪರದೆಯ ಮೇಲೆ ಚಿತ್ರದ ಕೈಯಿಂದ ಚಿತ್ರದ ಈರುಳ್ಳಿ ಎತ್ತಿಸಿ ಪ್ರಾಜೆಕ್ಟು ಮುಗಿಸಿದರು. ರವಿಕಿರಣ್ ಸರ್ ಕೊಟ್ಟ ಮಾತಿಗೆ ತಪ್ಪಲಿಲ್ಲ, ಮಾರ್ಕ್ಸು ಧಾರಾಳವಾಗಿ ಬಂದವು. ವರ್ಷದ ಕೊನೆಗೆ ಕಲ್ಯಾಣದ ಸರದಿ ಬಂದಾಗ ಪೂವಪ್ಪ ಕೈಯನ್ನು ತಂದು ಮತ್ತೆ ಅದೇ ತೂತುಗಳ ಮೇಲೆ ಕೂರಿಸಿದ.

ಕಮಿಟಿಯಲ್ಲಿ ಒಬ್ಬ ಹೆಂಗಸು ಪ್ರೊಫೆಸರ್ ಇದ್ದರು. ನಾಗಪುರದ ಕಡೆಯವರು, ನರೆತ ಕೂದಲು, ಮಾತು ಕಡಿಮೆ. ಚೌಕಗಳು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹೋದವು, ಕೈ ನಮಸ್ಕಾರ ಮಾಡಿತು, ಉಳಿದವರು ಚಪ್ಪಾಳೆ ತಟ್ಟಿ ಊಟದ ಕಡೆಗೆ ಹೊರಳಿದರು. ಆಕೆ ಮಾತ್ರ ಹತ್ತಿರ ಬಂದು ಹಳದಿ ಬಣ್ಣದ ಮೇಲೆ ಬೆರಳಾಡಿಸಿದರು.

“ಇಷ್ಟು ವರ್ಷದ ಯಂತ್ರ, ಒಂದು ಗೀರೂ ಇಲ್ಲ” ಎಂದರು ಹಿಂದಿಯಲ್ಲಿ. “ಮಕ್ಕಳು ಕಲಿತ ಯಂತ್ರ ಹೀಗಿರುವುದಿಲ್ಲ.”

ವಿದ್ಯಾರ್ಥಿಗಳ ಪರವಾಗಿ ಮಾತಾಡಲು ರವಿಕಿರಣ್ ಸರ್ ನಿಲ್ಲಿಸಿದ್ದವಳು ತೃಷಾ. ಪ್ರೊಫೆಸರ್ ಅವಳ ಕಡೆ ತಿರುಗಿದರು. ಜೋರಿಲ್ಲ, ಗದರಿಕೆಯಿಲ್ಲ, ಮನೆಯ ಹಿರಿಯರು ಕೇಳಿದ ಹಾಗೆ ಕೇಳಿದರು: “ಹೆದರಬೇಡ ಮಗು, ನಿನ್ನ ಹೆಸರು ಎಲ್ಲೂ ಬರುವುದಿಲ್ಲ. ಇದು ಯಾವಾಗಲೂ ಇಲ್ಲೇ ಇರುತ್ತದೆಯೇ? ನೀವು ಇದರ ಮೇಲೆ ಕೆಲಸ ಮಾಡುತ್ತೀರಾ? ಇಲ್ಲವೆಂದರೆ ಇಲ್ಲ ಅನ್ನು. ನಾನು ವರದಿಯಲ್ಲಿ ಬರೆದರೆ ಇವರು ತರಿಸಲೇಬೇಕಾಗುತ್ತದೆ. ನಿನಗಲ್ಲದಿದ್ದರೂ ನಿನ್ನ ಹಿಂದೆ ಬರುವವರಿಗೆ ಸಿಗುತ್ತದೆ.”

ತೃಷಾ ಒಂದು ಕ್ಷಣ ಅಪ್ಪನ ಕಡೆ ನೋಡಿದಳು.

ಹೇಳು ಮಗಾ, ಹೇಳಿಬಿಡು ಎಂದು ಪೂವಪ್ಪನ ಎದೆ ಬಡಿದುಕೊಂಡಿತು. ದೇವರಾಣೆಗೂ ಹಾಗೇ ಬಡಿದುಕೊಂಡಿತು. ಅದೇ ಉಸಿರಿನಲ್ಲಿ ಅಂಬರನಾಥದ ಬೀಗ ಹಾಕಿದ ಗೇಟು, ಪಕ್ಕದಲ್ಲೇ ಬೆವರುತ್ತ ನಿಂತ ರವಿಕಿರಣ್ ಸರ್, ಈ ವಯಸ್ಸಿನಲ್ಲಿ ಇನ್ನೆಲ್ಲಿ ಕೆಲಸ ಎಂಬ ಮಾತು, ಎಲ್ಲವೂ ಒಟ್ಟಿಗೆ ನುಗ್ಗಿ ಬಂದವು.

ತೃಷಾ ಆಕೆಯ ಕಡೆ ತಿರುಗಿ ನಕ್ಕಳು. “ಹೌದು ಮೇಡಂ, ಪ್ರತಿ ವಾರವೂ” ಎಂದಳು ಅಚ್ಚ ಇಂಗ್ಲಿಷಿನಲ್ಲಿ. “ನಮ್ಮ ಲ್ಯಾಬ್ ಅಸಿಸ್ಟೆಂಟ್ ತುಂಬ ಶಿಸ್ತಿನವರು. ಗೀರು ಬಿದ್ದರೆ ನಮ್ಮನ್ನು ಸುಮ್ಮನೆ ಬಿಡುವುದಿಲ್ಲ.” ಅಷ್ಟಕ್ಕೇ ನಿಲ್ಲಲಿಲ್ಲ. ಈರುಳ್ಳಿಯ ಪ್ರಾಜೆಕ್ಟನ್ನು ವಿವರಿಸಿದಳು. ಕೈ ಹೇಗೆ ಬಾಗುತ್ತದೆ, ಎಷ್ಟು ಮೆಲ್ಲಗೆ ಹಿಡಿಯುತ್ತದೆ, ನೂರಕ್ಕೆ ತೊಂಬತ್ತಾರು ಸಲ ಹೇಗೆ ಸರಿಯಾಗಿ ಆರಿಸುತ್ತದೆ ಎಂದು ಬೆರಳುಗಳಿಂದ ತೋರಿಸುತ್ತ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಆಕೆ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದರು. ಆಮೇಲೆ ತಲೆಯಾಡಿಸಿ ಊಟಕ್ಕೆ ಹೋದರು.

ಹಿಂದೆ ನಿಂತಿದ್ದ ಸಮಿತ್ ಯಾರಿಗೂ ಹೇಳದೆ ಹೊರಟುಹೋದ. ರವಿಕಿರಣ್ ಸರ್ ಪೂವಪ್ಪನ ಭುಜ ತಟ್ಟಿ, “ಮಗಳನ್ನ ಭಾರಿ ತಯಾರ ಮಾಡೀರಿ” ಎಂದರು.

ಕಲ್ಯಾಣದಿಂದ ಡೊಂಬಿವಲಿಗೆ ಲೋಕಲ್ಲಿನಲ್ಲಿ ಅಪ್ಪ ಮಗಳು ಬಂದರು. ಮನೆಯಲ್ಲಿ ನಳಿನಾಕ್ಷಿ ಚಹಾ ಕೊಟ್ಟಳು. ಪೂವಪ್ಪ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟ.

“ನೀನು ನಿಜ ಹೇಳಬಹುದಿತ್ತು.”

“ನಾನು ನಿಮ್ಮನ್ನು ನೋಡಿದೆ ಪಪ್ಪ.”

“ನೋಡಿದ್ದು ಗೊತ್ತುಂಟು.”

“ನೀವು ಬೇಡ ಅಂದ್ರಿ.”

“ನಾನು ಯಾವಾಗ ಬೇಡ ಅಂದೆ? ನಾನು ಬಾಯಿಯೇ ಬಿಡಲಿಲ್ಲ!”

“ವಹೀ ತೋ, ಅದೇ ಮತ್ತೆ” ಎಂದಳು ತೃಷಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿರುವ ಸಂಗತಿಯನ್ನು ಗೊತ್ತಿಲ್ಲದವರಿಗೆ ಹೇಳುವ ಹಾಗೆ ಹೇಳಿದಳು. “ನಾಲ್ಕು ವರ್ಷದಲ್ಲಿ ಆ ಲ್ಯಾಬಲ್ಲಿ ನಾನು ಪೂರಾ ಕಲಿತದ್ದು ತೋರಿಸುವುದೊಂದೇ ಅಲ್ವಾ. ಅದನ್ನಾದ್ರೂ ಸರಿಯಾಗಿ ಮಾಡ್ಬೇಕು.”

ನಳಿನಾಕ್ಷಿ ಗಂಡನ ಮುಖ ನೋಡಿ ಒಳಗೆ ಹೋದಳು. ಜಗಳಕ್ಕೆ ಇರುವ ಕನ್ನಡ ಅವಳ ಬಾಯಿಂದ ಅಂದು ಹೊರಡಲಿಲ್ಲ. ಅಷ್ಟರಲ್ಲಿ ಪೂವಪ್ಪನ ಫೋನು ಬಡಿದುಕೊಂಡಿತು. ರವಿಕಿರಣ್ ಸರ್.

“ಪೂವಪ್ಪನವ್ರ, ಥಾಣೆಯ ಕಮಿಟಿ ಪಕ್ಕಾ ಆತು, ಬ್ಯಾರೆ ಮಂದಿ ಬರ್ತಾರ. ನಾಳೆ ಮುಂಜಾನೆನs ಟೆಂಪೋ ಹಚ್ಚೀನಿ. ಇನ್ನೊಂದ್ ಮಾತು. ಅಧ್ಯಕ್ಷರು ನಿಮ್ಮ ಮಗಳ ಮಾತ ಕೇಳಿ ಭಾಳ ಖುಷಿ ಆಗ್ಯಾರ. ಥಾಣೆಯೊಳಗೂ ಅಕಿನ ಮಾತಾಡ್ಲಿ ಅಂದಾರ. ಆ ಕಾಲೇಜಿನ ಐಡಿ ಕಾರ್ಡ್ ಅವ್ರs ಮಾಡಿ ಕೊಡ್ತಾರ, ಒಂದ್ ದಿನದ ಮಾತು. ಅಕಿನ್ನೂ ಕರಕೊಂಡ್ ಬರ್ರಿ.”

ಪೂವಪ್ಪ ಫೋನನ್ನು ಕಿವಿಯಿಂದ ಸ್ವಲ್ಪ ಸರಿಸಿದ. ಇಲ್ಲ ಎನ್ನಬೇಕು, ಈಗಲಾದರೂ ಎನ್ನಬೇಕು ಎಂದುಕೊಂಡು ಮಗಳ ಕಡೆ ನೋಡಿದ. ಅವಳು ಇಸ್ತ್ರಿಪೆಟ್ಟಿಗೆಯ ತಂತಿ ಬಿಡಿಸುತ್ತಿದ್ದಳು.

“ಸರ್ ನನಗೂ ಮೆಸೇಜ್ ಹಾಕಿದ್ರು. ಹಾಂ ಬೋಲ್ ದಿಯಾ, ಬರ್ತೇನೆ ಅಂತ” ಎಂದಳು. “ಟೆಂಪೋದಲ್ಲಿ ಮುಂದೆ ಜಾಗ ಇಲ್ಲದಿದ್ರೆ ನಾನು ಹಿಂದೆ ಅದರ ಹತ್ರವೇ ಕೂತ್ಕೊಳ್ತೇನೆ.”

“ಏನಂತೀರಿ ಪೂವಪ್ಪನವ್ರ? ಕೇಳಸಾಕತ್ತದೇನು?” ಎಂದರು ರವಿಕಿರಣ್ ಸರ್.

“ಆಯ್ತು ಸರ್” ಎಂದ ಪೂವಪ್ಪ.